ಕಿಟಕಿಯ ಮೂಲೆಯ ಮಣ್ಣಿನ ಗೂಡು

ದೋಸೆ ಮಗುಚುವ ಸಟ್ಟುಗವನ್ನು ಕಮಲಾದೇವಿ ಕಿಟಕಿಯ ಮೂಲೆಯಲ್ಲಿದ್ದ ಕಡಜದ ಮಣ್ಣಿನ ಗೂಡಿಗೆ ಆನಿಸಿದರು. ಒಂದು ಸಲ ಮೀಟಿದರೆ ಸಾಕಿತ್ತು. ಕಾಲ ಬಳಿ ಬೆಣ್ಣೆ ಎಂಬ ಹೆಸರಿನ ಮನೆಯ ಬೆಕ್ಕು ಕೂತಿತ್ತು. ಬೆಳಿಗ್ಗೆ ಕಡಜ ಹಿಡಿಯಲು ಹೋಗಿ ಕಚ್ಚಿಸಿಕೊಂಡ ಅದರ ಮೂತಿ, ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೂ ಒಂದು ಕಡೆ ಬನ್ನಿನಂತೆ ಊದಿಕೊಂಡೇ ಇತ್ತು.

ಕಡಜ ಗೂಡು ಕಟ್ಟಿದ ಮನೆಯಲ್ಲಿ ತೊಟ್ಟಿಲು ತೂಗುತ್ತದೆಂದು ಎರಡು ತಿಂಗಳಿಂದ ಆ ಮೂಲೆಗೆ ಪೊರಕೆ ತಾಗದಂತೆ ಕಾದವರು ಅವರೇ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರದ ಸೊಸೆ ಪ್ರೇರಣಾ, “ಹುಳಕ್ಕೇನ್ ಗೊತ್ತಾಗುತ್ತೆ ಅತ್ತೆ?” ಎಂದು ನಕ್ಕಿದ್ದಳು. ಬೆಣ್ಣೆಯೆಂದರೆ ಅವಳಿಗೆ ಪ್ರಾಣ. ಹುಳ ಬಾರದಿರಲೆಂದು ಪುಟ್ಟೇನಹಳ್ಳಿಯ ಆ ಮನೆಯ ಕಿಟಕಿಗಳಿಗೆಲ್ಲ ಜಾಲರಿ ಹಾಕಿಸಿದ್ದಳು. ಇದೊಂದು ಕಿಟಕಿಗೆ ಮಾತ್ರ ಅತ್ತೆ ಬಿಟ್ಟಿರಲಿಲ್ಲ.

“ನನ್ನದೇ ತಪ್ಪು ಕಣಮ್ಮ. ಕೆಡವಿಬಿಡ್ತೀನಿ,” ಎಂದರು ಕಮಲಾದೇವಿ.

ಪ್ರೇರಣಾ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಬೇಡ ಅತ್ತೆ, ಇರ್ಲಿ. ಬೆಣ್ಣೇನ ಈ ರೂಮಿಗೆ ಬಿಡೋದ್ ಬೇಡ, ಅಷ್ಟೆ.”

ಕಮಲಾದೇವಿ ಸೊಸೆಯ ಮುಖ ನೋಡಲಿಲ್ಲ. ಬೆಕ್ಕನ್ನು ಎತ್ತಿಕೊಂಡು ಅವಳ ಜೊತೆ ಹೊರಬಂದು, ಗೂಡು ಅದುರದಂತೆ ಬಾಗಿಲನ್ನು ಮೆಲ್ಲಗೆ ಎಳೆದರು.