ಬೂದಿಗೊಬ್ಬ ಅರ್ಹ ಗುರು

ಅತ್ತೆ ಮೂಗಿಗೆ ಹಿಡಿದ ಕರವಸ್ತ್ರ ತೆಗೆಯದೆಯೇ ಎರಡನೆಯ ತರಬೇತುದಾರನನ್ನೂ ತಿರಸ್ಕರಿಸಿದರು.

"ನಾಯಿಗಿಂತ ಇವನೇ ಹೆಚ್ಚು ನಾರ್ತಾನೆ," ಎನ್ನುತ್ತ ಕಾರಿನ ಬಾಗಿಲು ಎಳೆದುಕೊಂಡರು.

ಸೊಸೆ ಗಾಡಿ ಹೊರಡಿಸಿದಳು. ಹಿಂದಿನ ಸೀಟಿನಲ್ಲಿ ಬೂದಿ, ಎರಡು ವರ್ಷದ ಬೂದುಬಣ್ಣದ ನಾಯಿ, ಕಿಟಕಿಗೆ ಮೂತಿ ಒತ್ತಿ ಜೊಲ್ಲು ಸುರಿಸುತ್ತಿತ್ತು. ಅತ್ತೆಯ ಎಡಗೈ ಪ್ಲಾಸ್ಟರಿನಲ್ಲಿತ್ತು. ಹದಿನೈದು ದಿನದ ಹಿಂದೆ ಬೂದಿ ಪ್ರೀತಿ ಉಕ್ಕಿ ಮೇಲೆ ಹಾರಿ, ಅವರನ್ನು ಮೆಟ್ಟಿಲ ಮೇಲಿಂದ ಕೆಡವಿತ್ತು. "ತಿಂಗಳೊಳಗೆ ಅದಕ್ಕೆ ಬುದ್ಧಿ ಕಲಿಸು, ಇಲ್ಲದಿದ್ದರೆ ಬೇರೆ ಮನೆ ನೋಡು," ಎಂದಿದ್ದ ಗಂಡ. ನಾಯಿಗೋ ತನಗೋ ಎಂದು ಅವಳು ಕೇಳಿರಲಿಲ್ಲ.

ಈ ಹುಡುಕಾಟಕ್ಕೆ ಅತ್ತೆ ತಾವಾಗಿಯೇ ಹೊರಟದ್ದು ಸೊಸೆಗೆ ಆಶ್ಚರ್ಯ. ಅವರಿಗೆ ನಾಯಿ ಎಂದರೆ ಅಸಹ್ಯ. ಬೂದಿಯಿರಲಿ, ಹುಟ್ಟಿದಾಗಿನಿಂದ ಯಾವ ನಾಯಿಯನ್ನೂ ಮುಟ್ಟಿದವರಲ್ಲ. ಸೋಫಾದ ಮೇಲೆ ಒಂದು ಕೂದಲು ಕಂಡರೆ ಆವತ್ತಿನ ಊಟ ಬಿಡುತ್ತಿದ್ದರು. ಆದರೆ ಸೊಸೆಯ ಆಯ್ಕೆಯನ್ನು ನಂಬುವುದು ಅವರಿಗೆ ಅದಕ್ಕಿಂತಲೂ ಕಷ್ಟವಾಗಿತ್ತು.

"ನಿನ್ನ ಕಿವಿಗೆ ಯಾರು ಬೇಕಾದರೂ ಹೂ ಇಡ್ತಾರೆ. ಕೈ ಮುರಿದದ್ದು ನನ್ನದು, ನಾನೇ ನೋಡ್ತೀನಿ."

ನಿವೃತ್ತಿಯಾಗಿ ಆರು ವರ್ಷವಾದರೂ ಸರ್ಕಾರಿ ಅಧಿಕಾರಿಯ ಗತ್ತು ಇಳಿದಿರಲಿಲ್ಲ. ಹೋದಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: "ಸರ್ಟಿಫಿಕೇಟ್ ಇದೆಯಾ?"

ಮೊದಲನೆಯವನ ಬಳಿ ಇರಲಿಲ್ಲ. ಬೋಳುತಲೆಯ, ಮೆತ್ತಗೆ ಮಾತಾಡುವ ಮನುಷ್ಯ, ಹಿಂದೆ ಬಡಗಿಯಾಗಿದ್ದನಂತೆ. ಬೂದಿಯತ್ತ ತಿರುಗಿಯೂ ನೋಡದೆ ಅಂಗಳದ ನೆಲದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತಿದ್ದ. ಎಳೆದಾಡಿ, ಕುಣಿದು ಸುಸ್ತಾದ ಬೂದಿ ತಾನಾಗಿ ಹೋಗಿ ಅವನ ಪಕ್ಕ ಮಲಗಿತು. ಸೊಸೆಗೆ ಅಷ್ಟು ಸಾಕಾಗಿತ್ತು.

"ಕಾಗದ ಇಲ್ಲದವನ ಕೈಗೆ ಕೊಡೋದಾ?" ಎಂದು ಅತ್ತೆ ಎದ್ದುಬಿಟ್ಟಿದ್ದರು. "ಸುಮ್ನೆ ಕೂರೋದೇ ವಿದ್ಯೆ ಆದರೆ ನಿಮ್ಮ ಮಾವ ಇಷ್ಟು ಹೊತ್ತಿಗೆ ಪ್ರೊಫೆಸರ್ ಆಗಿರ್ತಿದ್ದರು."

ಮೂರನೆಯವನದು ಗಾಜಿನ ಬಾಗಿಲಿನ ಕಚೇರಿ. ಒಳಗೆ ಫಿನಾಯಿಲ್ ವಾಸನೆ, ಅದರಡಿಯಲ್ಲಿ ಇನ್ನೇನೋ ಕೊಳೆತ ವಾಸನೆ. ಮೇಜಿನ ಹಿಂದಿನ ಗೋಡೆಯಲ್ಲಿ ಚಿನ್ನದ ಬಣ್ಣದ ಚೌಕಟ್ಟು, ಅದರೊಳಗೆ ಸರ್ಕಾರಿ ಮುದ್ರೆಯ ಅರ್ಹತಾ ಪತ್ರ. ದೂರದಿಂದಲೇ ಮುದ್ರೆ ಕಂಡು ಅತ್ತೆಯ ಮುಖದ ಗಂಟು ಸಡಿಲವಾಯಿತು.

"ನೋಡು, ಹೀಗಿರಬೇಕು," ಎಂದರು.

ತರಬೇತುದಾರ ಅವರನ್ನು ಹಿಂದಿನ ಶೆಡ್ಡಿಗೆ ಕರೆದೊಯ್ದ. ಒಂಬತ್ತು ಬೋನು, ಒಂಬತ್ತು ನಾಯಿ. ತಟ್ಟೆಗಳಲ್ಲಿ ಒಣಗಿದ ಅನ್ನಕ್ಕೆ ನೊಣ ಮುತ್ತಿದ್ದವು. ಒಂದು ನಾಯಿಯ ಕತ್ತಿನ ಸುತ್ತ ಕೂದಲುದುರಿ, ಗಾಯ ಕೀವುಗಟ್ಟಿತ್ತು.

"ಕೇಳಿಸ್ಕೊಳ್ಳಿ," ಎಂದ ಹೆಮ್ಮೆಯಿಂದ. "ಒಂದಾದರೂ ಬೊಗಳುತ್ತಾ?"

ಯಾವುದೂ ಬೊಗಳಲಿಲ್ಲ. ಅವನು ಒಳಮುಖವಾಗಿ ಮೊಳೆಗಳಿದ್ದ ಕಬ್ಬಿಣದ ಪಟ್ಟಿಯೊಂದನ್ನು ಬೂದಿಯ ಕತ್ತಿಗೆ ಬಿಗಿದ. "ಕೂರು," ಎಂದ. ಬೂದಿ ಬಾಲ ಆಡಿಸಿತು. ಸರಪಳಿ ಮೇಲಕ್ಕೆ ಜಗ್ಗಿದ. ಮುಂಗಾಲೆರಡೂ ನೆಲ ಬಿಟ್ಟವು. ಅವನು ಇಳಿಸಲಿಲ್ಲ. ಬೂದಿಯ ನಾಲಗೆ ಹೊರಬಿದ್ದು ಕಪ್ಪಿಟ್ಟಿತು, ಸಿಮೆಂಟಿನ ಮೇಲೆ ಉಚ್ಚೆ ಹರಿಯಿತು.

"ಇದು ಬಂತು ಅಂದ್ರೆ ಬುದ್ಧಿ ಬಂತು ಅಂತ," ಎಂದು ನಕ್ಕ.

ಸೊಸೆ ನಿಂತಲ್ಲೇ ಮರಗಟ್ಟಿದಳು. ಮುಂದೆ ಹೋದವರು ಅತ್ತೆ. ಆ ಉಚ್ಚೆಯಲ್ಲೇ ಚಪ್ಪಲಿ ಊರಿ, "ಬಿಡು ಅದನ್ನ," ಎಂದರು. ಅವನು ಬಿಡಲಿಲ್ಲ. ಅವರು ಸರಿಯಿದ್ದ ಒಂದೇ ಕೈಯನ್ನು ಜೊಲ್ಲಿನಿಂದ ಒದ್ದೆಯಾದ ಆ ಕತ್ತಿನಡಿ ತೂರಿಸಿ, ತಡಕಾಡಿ, ಪಟ್ಟಿಯ ಕೊಕ್ಕೆ ಬಿಚ್ಚಿದರು. ಬೂದಿ ದೊಪ್ಪನೆ ಬಿತ್ತು. ಅತ್ತೆಯ ಬೆರಳಿಗೆ ರಕ್ತ ಹತ್ತಿತ್ತು.

"ಥೂ, ಮನುಷ್ಯನಾ ನೀನು? ಇದನ್ನ ನಿನಗೆ ಕಲಿಸಿದ್ದು ಯಾರು?"

"ಯಾರೂ ಕಲಿಸಿಲ್ಲ ಅಮ್ಮ. ಅರ್ಜಿ ಹಾಕಿದೆ, ಸರ್ಟಿಫಿಕೇಟ್ ಅಂಚೆಯಲ್ಲಿ ಬಂತು. ಪರೀಕ್ಷೆ ಇರುತ್ತೆ ಅಂತ ಬರೆದಿತ್ತು, ಯಾರೂ ಬಂದು ನೋಡಲಿಲ್ಲ. ಆ ಆಫೀಸಲ್ಲಿ ಕೂತವರಿಗೆ ನಾಯಿಗೆ ಕಾಲೆಷ್ಟು ಅಂತ ಗೊತ್ತಿದ್ದರೆ ಹೆಚ್ಚು." ಅವನು ಪಟ್ಟಿಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಬೇಕಾದರೆ ಹೋಗಿ ಓದ್ಕೊಳ್ಳಿ. ನಾನು ಅರ್ಹ ಅಂತ ಸರ್ಕಾರವೇ ಹೇಳಿದೆ."

ಅತ್ತೆ ಹೋಗಿ ಓದಿದರು. ಕನ್ನಡಕ ಹಾಕಿಕೊಂಡು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ನಿಂತು, ಬಹಳ ಹೊತ್ತು ಓದಿದರು. ಸೊಸೆ ಬೂದಿಯನ್ನು ಎತ್ತಿಕೊಂಡು ಕಾರಿಗೆ ಸೇರಿಸಿ ಬಂದರೂ ಅವರು ಅಲ್ಲೇ ಇದ್ದರು. ತೋಳು ಹಿಡಿದು ಕರೆತರಬೇಕಾಯಿತು.

ಅವರು ಮುಂದಿನ ಸೀಟಿಗೆ ಬರಲಿಲ್ಲ. ಹಿಂದೆ, ನಡುಗುತ್ತಿದ್ದ ಬೂದಿಯ ಪಕ್ಕ ಕೂತರು. ಬಟ್ಟೆಗೆಲ್ಲ ಕೂದಲು ಮೆತ್ತಿಕೊಂಡಿತು; ಕೊಡವಲಿಲ್ಲ.

"ಆ ಬಡಗಿ ಹತ್ತಿರ ನಡಿ," ಎಂದರು.

"ಅವರ ಹತ್ತಿರ ಕಾಗದ ಇಲ್ಲ ಅಂದಿದ್ರಿ?"

"ನಡಿ ಅಂದೆ."

ಸೊಸೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಇವನ ಮೇಲೆ ಇವತ್ತೇ ದೂರು ಕೊಡೋಣ ಅತ್ತೆ. ಆ ಸರ್ಟಿಫಿಕೇಟ್ ಖಂಡಿತ ನಕಲಿ. ಈಗ ಮುದ್ರೆ, ಸಹಿ ಎಲ್ಲ ಕಂಪ್ಯೂಟರಲ್ಲೇ ಮಾಡ್ತಾರೆ."

"ದೂರು ನಾನೇ ಬರೀತೀನಿ. ಆದರೆ ಅದು ನಕಲಿ ಅಲ್ಲ."

"ನಿಮಗೆ ಹೇಗೆ ಗೊತ್ತು?"

ಕನ್ನಡಿಯಲ್ಲಿ ಅತ್ತೆಯ ಮುಖ ಕಂಡಿತು. ಮೂಗಿಗೆ ಹಿಡಿಯುತ್ತಿದ್ದ ಕರವಸ್ತ್ರದಿಂದ ಬೂದಿಯ ಕತ್ತು ಒರೆಸುತ್ತಿದ್ದರು.

"ಕೆಳಗಿರೋ ಸಹಿ ನನ್ನದು."