ಉತ್ತರ ಯಾವ ಕಡೆ?

ತರಗತಿಯ ಮೇಜಿನ ಮೇಲಿಟ್ಟ ಹೊಸ ದಿಕ್ಸೂಚಿಯ ಮುಳ್ಳು ಗಿರಗಿರನೆ ತಿರುಗಿ ನಿಂತಾಗ ಭೂಗೋಳದ ಮೇಡಂ ಬೆಚ್ಚಿದರು. ಅದು ಉತ್ತರವೆಂದು ತೋರಿಸುತ್ತಿದ್ದದ್ದು ಕಪ್ಪುಹಲಗೆಯನ್ನಲ್ಲ, ಕೊನೆಯ ಬೆಂಚಿನ ಹಿಂದಿನ ಗೋಡೆಯನ್ನು. ಅಲ್ಲಾಡಿಸಿ ನೋಡಿದರು, ಕಿಟಕಿಯ ಬಳಿ ಒಯ್ದು ನೋಡಿದರು. ಮುಳ್ಳು ಜಪ್ಪಯ್ಯ ಅನ್ನಲಿಲ್ಲ.

ಹೋದ ತಿಂಗಳು ಕಪ್ಪುಹಲಗೆಗೆ ನಕ್ಷೆ ತೂಗುಹಾಕಿ, "ನಕ್ಷೆಯ ಮೇಲ್ಗಡೆ ಉತ್ತರ. ಹಾಗಾಗಿ ಈ ಗೋಡೇನೂ ಉತ್ತರ" ಎಂದಿದ್ದರು. ಆಗ ಎದ್ದು ನಿಂತವಳು ಎಲ್ಲರಿಗಿಂತ ಕುಳ್ಳಿಯಾದ ಗುಬ್ಬಿ. "ಮೇಡಂ, ಬೆಳಗ್ಗೆ ಬಿಸಿಲು ಎಡಗಡೆ ಕಿಟಕೀಲಿ ಬರುತ್ತಲ್ವಾ? ಹಾಗಾದ್ರೆ ಉತ್ತರ ನಮ್ಮ ಬೆನ್ನ ಹಿಂದೆ ಇರ್ಬೇಕು."

"ಓಹೋ, ನಕ್ಷೆ ಬರೆದವರಿಗಿಂತ ನೀನೇ ಜಾಣೆ!" ಎಂದು ಮೇಡಂ ನಕ್ಕಿದ್ದರು. ಇಡೀ ತರಗತಿ ಗೊಳ್ಳೆಂದಿತ್ತು. ಅಂದಿನಿಂದ ಗುಬ್ಬಿಯ ಕೈ ಒಮ್ಮೆಯೂ ಮೇಲೆದ್ದಿರಲಿಲ್ಲ.

ದಿಕ್ಸೂಚಿಯನ್ನು ಸುಮ್ಮನೆ ಬೀರುವಿಗೆ ಸೇರಿಸಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮನಸ್ಸು ಅತ್ತಲೇ ಎಳೆಯಿತು ಕೂಡ. ಆದರೂ ಮೇಡಂ ಗುಬ್ಬಿಯನ್ನು ಕರೆದು, ಅವಳ ಅಂಗೈ ಮೇಲೆ ಅದನ್ನಿಟ್ಟರು. "ನೋಡಿ ಹೇಳಮ್ಮ, ಉತ್ತರ ಯಾವ ಕಡೆ?"

ಗುಬ್ಬಿ ಮುಳ್ಳನ್ನು ನೋಡಿದಳು, ಮೇಡಂ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕಪ್ಪುಹಲಗೆಯತ್ತ ಬೆರಳು ತೋರಿಸಿದಳು.

"ಮುಳ್ಳು ಹಿಂದಿನ ಗೋಡೆ ತೋರಿಸ್ತಿದೆಯಲ್ಲೇ?"

"ಅದು ಕೆಟ್ಟೋಗಿರ್ಬೇಕು ಮೇಡಂ," ಎಂದಳು ತಲೆ ತಗ್ಗಿಸಿ.

ಆ ಮಗುವಿಗೆ ತಾನು ಕಲಿಸಿದ್ದು ಇದನ್ನೇ ಎಂದು ಮೇಡಂಗೆ ಹೊಳೆಯಿತು.

"ಮುಳ್ಳು ಸರಿಯಾಗೇ ಇದೆ ಕಣಮ್ಮ," ಎಂದರು, ಕೊನೆಯ ಬೆಂಚಿಗೂ ಕೇಳುವಂತೆ. "ಅವತ್ತು ನೀನು ಹೇಳಿದ್ದೇ ಸರಿ. ತಪ್ಪು ಹೇಳಿದ್ದು ನಾನು. ನಕ್ಕಿದ್ದೂ ನಾನೇ."