ಮೂರನೇ ಗೇರು

ಮೂರನೇ ಗೇರು ಹಾರಲಿಲ್ಲ.

ಅಕ್ಕಿ ಮೂಟೆ ತುಂಬಿದ ಲಾರಿ ಕುರುಗೋಡಿನ ಗುಡ್ಡದ ಮಗ್ಗುಲಿನ ಏರನ್ನು, ಗೇರು ಒಮ್ಮೆಯೂ ತಾನಾಗಿ ಕಳಚಿ ನ್ಯೂಟ್ರಲ್ಲಿಗೆ ಬೀಳದೆ, ಹತ್ತಿ ಮುಗಿಸಿತು. ಕಿಟಕಿಯ ಪಕ್ಕ ಕುಳಿತಿದ್ದ ಕಂಪನಿಯ ಸರ್ವಿಸ್ ಎಂಜಿನಿಯರ್ ಚನ್ನಬಸವರಾಜ ಮೊಬೈಲ್ ತೆಗೆದು ವರದಿ ತುಂಬತೊಡಗಿದ. ಅವನಿಗೂ ಡ್ರೈವರ್ ಹುಲಿಗೇಶನಿಗೂ ನಡುವೆ ಕುಳಿತಿದ್ದ ಲಾರಿಯ ಒಡತಿ ಸುನಂದಾ ಬಗ್ಗಿ ಅದನ್ನು ಇಣುಕಿ ನೋಡಿದಳು.

"ನೋಡ್ರಿ ಮೇಡಂ, ಖಾಲಿ ಗಾಡಿ ಓಡಿಸಿದಾಗ ಗೇರ್ ಹಾರ್ಲಿಲ್ಲ, ಲೋಡ್ ಇದ್ರ ಹಾರತೈತಿ ಅಂದ್ರಿ. ಈಗ ಸಿರುಗುಪ್ಪದ ಲೋಡ್ ನಿಮ್ದು, ಡ್ರೈವರ್ ನಿಮ್ಮವನ, ಏರೂ ನೀವ ಹೇಳಿದ್ದು. ಗೇರ್‌ಬಾಕ್ಸ್ ಕಲ್ಲಿದ್ದಂಗ ಐತಿ. ದೋಷ ಇಲ್ಲ ಅಂತ ಬರೀತೀನಿ."

ವಾರಂಟಿ ಮುಗಿಯುವುದು ನಾಳೆ. ಆಮೇಲೆ ಗೇರ್‌ಬಾಕ್ಸ್ ಬದಲಿಸಬೇಕೆಂದರೆ ಲಾರಿಯನ್ನೇ ಮಾರಿ ಬದಲಿಸಬೇಕು. ಸುನಂದಾ ಡ್ರೈವರನ ಕಡೆ ತಿರುಗಿದಳು.

"ಲೇ ಹುಲಿಗ್ಯಾ, ಹಾರತೈತಿ ಹಾರತೈತಿ ಅಂತ ದಿನಾ ನನ್ನ ತಲಿ ತಿಂತಿದ್ದೆಲ್ಲ? ಇವತ್ತೇನು, ಸಾಹೇಬ್ರನ್ನ ನೋಡಿ ನಾಚಿಕಿ ಆತೇನು ಅದಕ್ಕ?"

"ದೇವ್ರಾಣೆ ಅಕ್ಕಾರ, ಹಾರತೈತಿ! ಇವತ್ಯಾಕೋ ಗೊತ್ತಿಲ್ಲ."

"ಗಾಡಿ ತಿರುಗ್ಸು. ಇನ್ನೊಮ್ಮೆ ಹತ್ಸು. ಸಾಹೇಬ್ರ, ಈಗೂ ಹಾರ್ಲಿಲ್ಲಂದ್ರ ದೋಷ ಇಲ್ಲ ಅಂತ ನಾನ ಸಹಿ ಹಾಕ್ತೀನಿ."

ಲಾರಿ ಕೆಳಗಿಳಿದು, ಮತ್ತೆ ಏರು ಹಿಡಿಯಿತು. ಒಂದು, ಎರಡು, ಮೂರನೇ ಗೇರು. ಸುನಂದಾ ಈ ಸಲ ರಸ್ತೆ ನೋಡಲಿಲ್ಲ, ಗೇರಿನ ಲಿವರ್ ನೋಡಿದಳು. ಅದು ನಡುಗುತ್ತಿತ್ತು. ಬಿಡಿಸಿಕೊಳ್ಳಲು ಹೆಣಗುತ್ತಿತ್ತು. ಆದರೆ ಅದನ್ನು ಏನೋ ತಡೆದು ಹಿಡಿದಿತ್ತು. ಹುಲಿಗೇಶನ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಅವನ ಎಡಮೊಣಕಾಲು ಲಿವರಿಗೆ ಒತ್ತಿ ನಿಂತಿತ್ತು. ಅಲ್ಲಿ ಪ್ಯಾಂಟಿನ ಬಟ್ಟೆ ಸವೆದು ಮಿರುಗುತ್ತಿತ್ತು.

"ಲೇ, ಮೊಣಕಾಲು ತಗೀಲೇ!"

"ಯಾವ ಮೊಣಕಾಲ್ರಿ?"

"ನಿಂದ! ಮತ್ತೇನು ನಂದ?"

ಹುಲಿಗೇಶ್ ಬೇರೆ ಯಾರದೋ ಕಾಲನ್ನು ನೋಡುವಂತೆ ಕೆಳಗೆ ನೋಡಿ, ಮೊಣಕಾಲು ಸರಿಸಿದ.

ಠಪ್! ಲಿವರ್ ಹಿಂದಕ್ಕೆ ಹಾರಿತು. ಎಂಜಿನ್ ಒಮ್ಮೆಲೇ ಕಿರುಚಿತು. ಏರಿನಲ್ಲಿ ನಿಂತುಹೋದ ಲಾರಿ ಹಿಂದಕ್ಕೆ ಜಾರತೊಡಗಿತು. ಹುಲಿಗೇಶ್ ಬ್ರೇಕಿನ ಮೇಲೆ ಎದ್ದೇ ನಿಂತ. ಎಂಜಿನಿಯರನ ಮೊಬೈಲ್ ಕಾಲ ಬಳಿ ಬಿತ್ತು.

"ಹಾರ್ತು! ಹಾರ್ತು!" ಸುನಂದಾ ಚಪ್ಪಾಳೆ ತಟ್ಟಿದಳು.

ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನು ಗಾಬರಿಯಿಂದ ಓಡಿ ಬಂದ. "ಏನಾತ್ರೀ ಅಕ್ಕಾ?"

"ಲಾರಿ ಕೆಟ್ಟೈತ್ರೀ!" ಎಂದಳು, ಮಗಳು ಪಾಸಾದ ಸುದ್ದಿ ಹೇಳುವವಳಂತೆ. ಅವನು ಅವಳ ಮುಖವನ್ನೊಮ್ಮೆ ಲಾರಿಯನ್ನೊಮ್ಮೆ ನೋಡಿ, ಟ್ರ್ಯಾಕ್ಟರಿಗೆ ಹಿಂತಿರುಗಿದ.

ಚನ್ನಬಸವರಾಜ ಮೊಬೈಲ್ ಎತ್ತಿಕೊಂಡ. "ಈಗ ಗೊತ್ತಾತು ಮೇಡಂ. ಇಂವ ಮೊಣಕಾಲು ಒತ್ತಿ ಒತ್ತಿ ಗೇರ್‌ಬಾಕ್ಸ್ ಒಳಗ ಸವೆಸ್ಯಾನ. ಇದು ಗಾಡಿ ದೋಷ ಅಲ್ಲ, ಡ್ರೈವರ್ ತಪ್ಪು. ಇದು ವಾರಂಟಿಗೆ ಬರಂಗಿಲ್ಲ."

ಸುನಂದಾಳ ಕೈಗಳು ಚಪ್ಪಾಳೆಯ ನಡುವೆಯೇ ನಿಂತವು.

"ಸಾಹೇಬ್ರ, ಗೇರ್ ಹಾರಿದ್ದು ಮೊದ್ಲು, ಮೊಣಕಾಲು ಆಮ್ಯಾಲೆ," ಎಂದ ಹುಲಿಗೇಶ್. "ಗಾಡಿ ಹೊಸಾದಿದ್ದಾಗ ಇದ ಏರಿನಾಗ ಹಿಂಗ ಹಿಂದಕ್ಕ ಜಾರಿತ್ತು. ಹಿಂದ ಮೆಣಸಿನಕಾಯಿ ಬಿಡಿಸಾಕ ಹೊಂಟ ಹೆಣ್ಮಕ್ಕಳ ಆಟೋ. ಒಂದು ಮೊಳದಾಗ ನಿಂತ್ವಿ. ಅವತ್ತಿಂದ ಈ ಕಾಲು ತಾನ ಹೋಗತೈತಿ. ನಾ ಕಳ್ಸಂಗಿಲ್ಲ."

"ಅದಕ್ಕ ಸಾಕ್ಷಿ ಏನೈತಿ?"

ಸುನಂದಾ ಸ್ಟೇರಿಂಗಿನ ಕಡೆ ಕೈ ತೋರಿಸಿದಳು. "ಹುಲಿಗ್ಯಾ, ಆ ಕಡೆ ಹೋಗಿ ಕೂಡು. ಸಾಹೇಬ್ರ, ಬಳ್ಳಾರಿ ತನಕ ನೀವ ಹೊಡೀರಿ. ಮೊಣಕಾಲು ಮಾತ್ರ ದೂರ ಇರ್ಲಿ."

"ಅದರಾಗೇನೈತಿ?" ಎಂದು ಎಂಜಿನಿಯರ್ ಸ್ಟೇರಿಂಗ್ ಹಿಡಿದ. ಪರೀಕ್ಷೆಗೆ ಕುಳಿತ ಹುಡುಗನಂತೆ ಮೊಣಕಾಲುಗಳನ್ನು ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ ಕುಳಿತ. ಒಂದು, ಎರಡು, ಮೂರು. ಠಪ್! ಲಾರಿ ಹಿಂದಕ್ಕೆ ಜಾರಿತು. ಬ್ರೇಕು. ಅವನ ಹಣೆಯ ಮೇಲೆ ಬೆವರು ಮೂಡಿತು. ಮತ್ತೆ ಶುರು ಮಾಡಿದ. ಒಂದು, ಎರಡು, ಮೂರು.

ಅಷ್ಟರಲ್ಲಿ ಹಿಂದೆ ತುಂಬಿದ ಬಸ್ಸೊಂದು ಬಂದು ಲಾರಿಯ ಬೆನ್ನಿಗೇ ಅಂಟಿಕೊಂಡಿತು. ಬಾಗಿಲಲ್ಲಿ ಜೋತುಬಿದ್ದವರೂ ಕನ್ನಡಿಯಲ್ಲಿ ಕಾಣುತ್ತಿದ್ದರು. ಲಿವರ್ ನಡುಗತೊಡಗಿತು. ಚನ್ನಬಸವರಾಜನ ಎರಡೂ ಕೈ ಸ್ಟೇರಿಂಗಿನ ಮೇಲೆ, ಕಣ್ಣು ಕನ್ನಡಿಯ ಮೇಲೆ. ಅವನ ಎಡಮೊಣಕಾಲು ಮೆಲ್ಲಗೆ ಸರಿದು ಬಂದು ಲಿವರಿಗೆ ಒತ್ತಿ ನಿಂತಿತು.

ಸುನಂದಾ ಬಾಯಿ ತೆರೆದಳು.

"ತಡೀರಿ ಅಕ್ಕಾರ," ಎಂದ ಹುಲಿಗೇಶ್ ಪಿಸುದನಿಯಲ್ಲಿ. "ಏರು ಮುಗೀಲಿ."